ಬಳ್ಳಾರಿಯಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ, ಎಷ್ಟು ತಾಸು: ಟೇಪು ಹಿಡಿದು ನಾವೇ ಲೆಕ್ಕ ಹಾಕೋದು ಹೆಂಗ

ನಮ್ಮಕ್ಕ ಮಗಳ ಬಾಣಂತನಕ್ಕ ಅಮೆರಿಕಾಕ್ಕ ಹೊಂಟಾಳ ಅಂತ ಗೊತ್ತಾದ ದಿನದಿಂದ ಮನಿಗೆ ಬಂದೋರೆಲ್ಲಾ ಕೇಳಿದ್ದು ಎರಡೇ ಮಾತು, ಎಷ್ಟು ದೂರ ಐತಿ, ಎಷ್ಟು ತಾಸು ಹಿಡೀತೈತಿ. ಅಳಿಯ ಫೋನ್ನಾಗ 22 ತಾಸು ಅಂದ. ಪಕ್ಕದ ಮನಿ ಹುಡುಗ ಗೂಗಲ್ ಮಾಡಿ 17 ತಾಸು ಅಂದ. ಭಾವ ಟಿಕೆಟ್ ನೋಡಿ, ಬೆಳಗಿನ ಜಾವ 4:15ಕ್ಕ ಹತ್ತಿ ಅದೇ ದಿನ ಮಧ್ಯಾಹ್ನ 1:50ಕ್ಕ ಇಳೀತಾಳ, ಒಂಬತ್ತೂವರಿ ತಾಸು ಅಷ್ಟ, ನಾವು ಧರ್ಮಸ್ಥಳಕ್ಕ ಹೋಗೋಕೂ ಅಷ್ಟ ಹೊತ್ತು ಬೇಕು ಅಂತ ನಕ್ಕ. ಒಂದ ಪ್ರಯಾಣಕ್ಕ ಮೂರು ಮಂದಿ ಮೂರು ಲೆಕ್ಕ. ನಾನು ಕೌಲ್ ಬಜಾರ್‌ನಾಗ ಜೀನ್ಸ್ ಹೊಲಿಸೋ ಸಣ್ಣ ಯೂನಿಟ್ ಇಟ್ಕೊಂಡಾವ, ಅರ್ಧ ಇಂಚು ಅಳತಿ ತಪ್ಪಿದ್ರ ಲಾಟಿಗೆ ಲಾಟ ವಾಪಸ್ ಬರ್ತೈತಿ, ಹಿಂಗಾಗಿ ಈ ಮೂರು ಲೆಕ್ಕ ಕೇಳಿ ತಲಿ ಕೆಟ್ಟು ನಾನ ಅಳಿಯೋಕ ಕುಂತೆ. ಹೆಂಗ ಮಾಡಿದೆ ಅಂತ ಬರೀತೀನಿ, ನಿಮ್ಮ ಮನ್ಯಾಗೂ ಯಾರಾದ್ರೂ ಹೊಂಟಿದ್ರ ಊರ ಹೆಸರು ಬದಲಿ ಮಾಡ್ಕೊಂಡು ಇದನ್ನ ಹಿಂಗ ಮಾಡ್ರಿ.

ಮೊದ್ಲು ದೂರ. ಗೋಡಿಗೆ ಹಾಕೋ ಪ್ರಪಂಚದ ಮ್ಯಾಪಿನ ಮ್ಯಾಲೆ ಸ್ಕೇಲ್ ಇಟ್ಟು ಅಳೀಬ್ಯಾಡ್ರಿ, ಪೂರಾ ತಪ್ಪು ಬರ್ತೈತಿ. ಭೂಮಿ ದುಂಡಗ, ಕಾಗದ ಚಪ್ಪಟಿ. ಜೀನ್ಸ್ ಬಟ್ಟಿನ ಒಂದು ಚೆಂಡಿಗೆ ಹೊದಿಸಿ ನೋಡ್ರಿ, ಎಲ್ಲೋ ಒಂದು ಕಡಿ ಸುಕ್ಕು ಬೀಳ್ತೈತಿ, ಸುಕ್ಕು ಬ್ಯಾಡ ಅಂದ್ರ ಡಾರ್ಟ್ ಹಿಡೀಬೇಕು, ಅಂದ್ರ ಜಾಸ್ತಿ ಬಟ್ಟಿ ಒಳಗ ಮಡಚಿ ಹೊಲೀಬೇಕು, ಇಲ್ಲಾ ಬಟ್ಟಿ ಜಗ್ಗಬೇಕು, ಮ್ಯಾಪ್ ಮಾಡೋರು ಉತ್ತರದ ಕಡಿ ಜಗ್ಗಿಬಿಟ್ಟಿರ್ತಾರ, ಅದಕ್ಕ ರಷ್ಯಾ ಗ್ರೀನ್‌ಲ್ಯಾಂಡ್ ಎಲ್ಲಾ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣ್ತಾವ. ಮಕ್ಕಳ ಸಾಲಿ ಗ್ಲೋಬ್ ಇದ್ರ ತಗೊಳ್ರಿ. ನನ್ನ ಮಗಂದು ಸಣ್ಣದು ಇತ್ತು, ಸ್ಟ್ಯಾಂಡ್ ಮುರಿದಿತ್ತು, ಅದು ಇನ್ನೂ ಚಲೋ ಆತು, ಕೈಯಾಗ ತಿರುಗಿಸೋಕ ಬಂತು.

ಅಂಗಡಿ ಟೇಪ್ ತಗೊಂಡು ಮೊದ್ಲು ಗ್ಲೋಬಿನ ಹೊಟ್ಟಿ ಸುತ್ತ ಅಳಿದೆ, ಸೊಂಟ ಅಳಿಯೋ ಹಂಗ, 63 ಸೆಂಟಿಮೀಟರ್ ಬಂತು. ಖರೇ ಭೂಮಿ ಸೊಂಟ ಸುಮಾರು 40,000 ಕಿಲೋಮೀಟರ್. ಅಂದ್ರ ನನ್ನ ಗ್ಲೋಬ್ ಮ್ಯಾಲೆ 1 ಸೆಂಟಿಮೀಟರ್ ಅಂದ್ರ 635 ಕಿಲೋಮೀಟರ್. ಆಮ್ಯಾಲೆ ಟೇಪಿನ ಸೊನ್ನಿ ತುದಿನ ಬೆಂಗಳೂರಿನ ಮ್ಯಾಲೆ ಒಂದು ಬೆರಳಿಲೆ ಒತ್ತಿ ಹಿಡಿದು ಇನ್ನೊಂದು ಕೈಯಾಗ ಸ್ಯಾನ್ ಫ್ರಾನ್ಸಿಸ್ಕೋತನಕ ಬಿಗಿ ಜಗ್ಗಿದೆ. ಇಲ್ಲಿ ಒಂದು ಮಜಾ ಐತಿ. ನಾನು ಟೇಪ್‌ನ ಅಡ್ಡಕ್ಕ, ಚೀನಾ ಜಪಾನ್ ದಾಟಿ ಸಮುದ್ರದ ಮ್ಯಾಲಿಂದ ಇಟ್ಟಿದ್ದೆ, ಬಿಗಿ ಮಾಡಿದ ಕೂಡ್ಲೆ ಅದು ತಾನ ಜಾರಿ ಮ್ಯಾಲಕ್ಕ ಹೋತು, ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಅಲಾಸ್ಕಾ ಮುಟ್ಟಿ ಅಲ್ಲಿಂದ ಕೆಳಗ ಇಳೀತು. ನಾವು ಮನ್ಯಾಗ ಎಲ್ಲಾರೂ ಅಮೆರಿಕಾ ಅಂದ್ರ ಪಶ್ಚಿಮಕ್ಕ ಅಂತಿದ್ವಿ, ಟೇಪ್ ಉತ್ತರಕ್ಕ ಅಂತೈತಿ. ದುಂಡನ ವಸ್ತುವಿನ ಮ್ಯಾಲೆ ಎರಡು ಜಾಗದ ನಡುವ ಎಲ್ಲಾಕ್ಕಿಂತ ಕಡಿಮಿ ದೂರ ಅಂದ್ರ ಬಿಗಿ ಹಿಡಿದ ದಾರ ಕುಂದ್ರೋ ದಾರಿನ. ಟೇಪ್ ಓದಿದ್ರ 22 ಸೆಂಟಿಮೀಟರ್. 22ನ್ನ 635ಕ್ಕ ಗುಣಿಸಿದ್ರ 13,970. 2021ರ ಜನವರಿಯಾಗ ಏರ್ ಇಂಡಿಯಾ ಈ ಎರಡು ಊರ ನಡುವ ಡೈರೆಕ್ಟ್ ವಿಮಾನ ಶುರು ಮಾಡಿದಾಗ ಹೇಳಿದ ನೇರ ದೂರ 13,993 ಕಿಲೋಮೀಟರ್. ಮುರುಕು ಗ್ಲೋಬ್, ಹತ್ತು ರೂಪಾಯಿ ಟೇಪ್, ತಪ್ಪಿದ್ದು 23 ಕಿಲೋಮೀಟರ್, ಬಳ್ಳಾರಿಯಿಂದ ಕುಡಿತಿನಿಗೆ ಹೋದಷ್ಟು. ಅದೃಷ್ಟನೂ ಇತ್ತು ಅನ್ರಿ, ಯಾಕಂದ್ರ ಟೇಪ್ ಒಂದು ಮಿಲಿಮೀಟರ್ ಸರಿದ್ರ 60 ಕಿಲೋಮೀಟರ್ ಹೆಚ್ಚುಕಡಿಮಿ ಆಗ್ತೈತಿ.

ಗ್ಲೋಬ್ ಇಲ್ಲ ಅಂದ್ರ ಫೋನ್ ಸಾಕು. ಗೂಗಲ್ ಮ್ಯಾಪ್ ತಗದು ಬೆಂಗಳೂರು ಏರ್‌ಪೋರ್ಟ್ ಮ್ಯಾಲೆ ಬೆರಳು ಒತ್ತಿ ಹಿಡೀರಿ, ಕೆಂಪು ಪಿನ್ ಬರ್ತೈತಿ, ಕೆಳಗಿನ ಪಟ್ಟಿಯಾಗ ಮೆಜರ್ ಡಿಸ್ಟನ್ಸ್ ಅಂತ ಇರ್ತೈತಿ, ಒತ್ತಿ ಮ್ಯಾಪ್‌ನ ನಿಮಗ ಬೇಕಾದ ಊರಿಗೆ ಸರಿಸ್ರಿ, ಕಿಲೋಮೀಟರ್ ತೋರಿಸ್ತೈತಿ. ನಡುವ ದುಬೈ, ಲಂಡನ್ ಅಂತ ಇಳಿಯೋದಿದ್ರ ಅಲ್ಲಿ ಒಂದು ಪಾಯಿಂಟ್ ಹಾಕಿ ಮುಂದಕ್ಕ ಹೋಗ್ರಿ.

ಆದ್ರ ಇದು ದಾರದ ದೂರ, ವಿಮಾನದ ದೂರ ಅಲ್ಲ. ವಿಮಾನ ಬ್ಯಾರೆ ಕಾರಣಕ್ಕ ಸುತ್ತಾಕ್ತೈತಿ. ಟಿಬೆಟ್ ಮ್ಯಾಲೆ ಪ್ಯಾಸೆಂಜರ್ ವಿಮಾನ ಸಾಮಾನ್ಯವಾಗಿ ಹೋಗಂಗಿಲ್ಲ, ಯಾಕಂದ್ರ ಒಳಗಿನ ಗಾಳಿ ಒತ್ತಡ ಏನಾದ್ರೂ ಕಡಿಮಿ ಆದ್ರ ಗಡಗಡ ಹತ್ತು ಸಾವಿರ ಅಡಿಗೆ ಇಳೀಬೇಕು, ಅಲ್ಲಿ ನೆಲನ ಅದಕ್ಕಿಂತ ಎತ್ತರ ಐತಿ, ಎಲ್ಲಿಗೆ ಇಳೀತೀರಿ. ಮತ್ತ ದೇಶದೇಶದ ಜಗಳ. 2022ರಿಂದ ಯುರೋಪು ಅಮೆರಿಕಾದ ಕಂಪನಿ ವಿಮಾನ ರಷ್ಯಾ ಆಕಾಶದಾಗ ಹೋಗಂಗಿಲ್ಲ, 2025ರ ಏಪ್ರಿಲ್‌ನಾಗ ಪಾಕಿಸ್ತಾನ ನಮ್ಮ ದೇಶದ ವಿಮಾನಕ್ಕ ಆಕಾಶ ಬಂದ್ ಮಾಡ್ತು. ಹಿಂಗಾಗಿ ಒಂದ ಊರಿಂದ ಒಂದ ಊರಿಗೆ ಎರಡು ಕಂಪನಿ ವಿಮಾನ ಬ್ಯಾರೆ ಬ್ಯಾರೆ ತಾಸು ತೋರಿಸಿದ್ರ ಯಾರೋ ಸುಳ್ಳು ಬರದಾರ ಅನ್ಕೋಬ್ಯಾಡ್ರಿ.

ಡೈರೆಕ್ಟ್ ವಿಮಾನ ಇವತ್ತು ಇರ್ತೈತಿ, ನಾಳೆ ಶೆಡ್ಯೂಲ್‌ನಾಗ ಇರಂಗಿಲ್ಲ, ಹಂಗಾಗಿ ಬಾಳ ಮಂದಿ ಒಂದು ಕಡಿ ಇಳಿದು ಹತ್ತೋದ. ಎಲ್ಲಿ ಇಳೀತೀರಿ ಅನ್ನೋದರ ಮ್ಯಾಲೆ ದೂರ ಎಷ್ಟು ಏರ್ತೈತಿ ನೋಡ್ರಿ. ದುಬೈ ಮ್ಯಾಲೆ ಹೋದ್ರ ಬೆಂಗಳೂರಿಂದ ದುಬೈಗೆ 2,700, ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 13,000, ಒಟ್ಟು 15,700 ಕಿಲೋಮೀಟರ್. ಲಂಡನ್ ಮ್ಯಾಲೆ ಆದ್ರ 8,000 ಮತ್ತ 8,600, ಒಟ್ಟು 16,600. ಸಿಂಗಪುರ ಮ್ಯಾಲೆ ಆದ್ರೂ ಸುಮಾರು 16,700. ಅಂದ್ರ ಒಬ್ಬರು ಪಶ್ಚಿಮಕ್ಕ ಹೋಗಿ ಇನ್ನೊಬ್ಬರು ಪೂರ್ವಕ್ಕ ಹೋಗಿ ಹೆಚ್ಚುಕಡಿಮಿ ಅಷ್ಟ ದೂರ ಹೋಗಿ ಒಂದ ಊರಾಗ ಇಳೀತಾರ. ದೂರ ನೋಡಿದ್ರ ದುಬೈನ ಕಡಿಮಿ, ಆದ್ರ ಒಂದ ಸಲ 16 ತಾಸು ಕುಂದ್ರಬೇಕು. ಲಂಡನ್ ಮ್ಯಾಲೆ ಹೋದ್ರ ಎರಡೂ ಹತ್ತು ಹನ್ನೊಂದು ತಾಸಿನ ತುಂಡು, ನಡುವ ಕಾಲಾಡಿಸೋಕ ಸಿಗ್ತೈತಿ. ಮಂಡಿನೋವು ಇದ್ದೋರಿಗೆ ನಾನಾದ್ರ ಎರಡು ಸಮ ತುಂಡಿಂದ ಆರಿಸ್ತೀನಿ. ನಮ್ಮಕ್ಕ ದುಬೈನ ಬೇಕು ಅಂದ್ಳು, ಅಲ್ಲಿ ಹಿಂದಿ ಮಾತಾಡೋರು ಸಿಗ್ತಾರ ಅಂತ. ಅದೂ ಒಂದು ಲೆಕ್ಕ ಬಿಡ್ರಿ.

ಈಗ ಕಿಲೋಮೀಟರ್‌ನ ತಾಸಿಗೆ ಇಳಿಸೋದು. ದೊಡ್ಡ ವಿಮಾನ ಮ್ಯಾಲೆ ಹೋದಮ್ಯಾಲೆ ತಾಸಿಗೆ 850ರಿಂದ 900 ಕಿಲೋಮೀಟರ್ ಹೋಗ್ತೈತಿ. ನೀವು ದೂರನ 850ರಿಂದ ಭಾಗಿಸ್ರಿ, ಬಂದದ್ದಕ್ಕ ಮುಕ್ಕಾಲು ತಾಸು ಕೂಡಿಸ್ರಿ. ಮುಕ್ಕಾಲು ತಾಸು ಯಾಕಂದ್ರ ಗೇಟ್ ಬಿಟ್ಟು ರನ್‌ವೇತನಕ ಉರುಳೋದು, ಏರೋದು, ಇಳಿಯೋ ಮುಂದ ಸುತ್ತು ಹೊಡಿಯೋದು, ಅವೆಲ್ಲಾ ನಿಧಾನ. ದುಬೈಗೆ ಹಾಕಿ ನೋಡ್ರಿ, 2,700 ಭಾಗಿಸು 850 ಅಂದ್ರ ಮೂರು ತಾಸಿಗೆ ಸ್ವಲ್ಪ ಮ್ಯಾಲೆ, ಮುಕ್ಕಾಲು ಕೂಡಿಸಿದ್ರ ನಾಲ್ಕು ತಾಸು, ಟಿಕೆಟ್‌ನಾಗೂ ಅಷ್ಟ. ದುಬೈ ಸ್ಯಾನ್ ಫ್ರಾನ್ಸಿಸ್ಕೋ 13,000ಕ್ಕ 16 ತಾಸು. ಡೈರೆಕ್ಟ್ ಆದ್ರ 14,000ಕ್ಕ 17 ತಾಸು ಚಿಲ್ಲರ. ಪಕ್ಕದ ಮನಿ ಹುಡುಗ ಹೇಳಿದ 17 ಇಲ್ಲಿಂದ ಬಂದಿದ್ದು, ಅವನ ತಪ್ಪಲ್ಲ, ನಮ್ಮಕ್ಕನ ಟಿಕೆಟ್ ಡೈರೆಕ್ಟ್ ಇರಲಿಲ್ಲ ಅಷ್ಟ.

ಗಾಳಿ ಮರೀಬ್ಯಾಡ್ರಿ. ಆಷಾಢದಾಗ ಸಿರುಗುಪ್ಪ ರೋಡಿಗೆ ಸೈಕಲ್ ತುಳಿದೋರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಎದುರುಗಾಳಿಗೆ ಹೋಗೋಕ ಒಂದು ತಾಸು, ಬರೋ ಮುಂದ ಪೆಡಲ್ ತುಳಿಯೋದ ಬ್ಯಾಡ. ಹತ್ತು ಕಿಲೋಮೀಟರ್ ಮ್ಯಾಲೆನೂ ಹಂಗ ಒಂದು ಗಾಳಿ ಐತಿ, ಜೆಟ್ ಸ್ಟ್ರೀಮ್ ಅಂತಾರ, ಅದು ಪಶ್ಚಿಮದಿಂದ ಪೂರ್ವಕ್ಕ ಬೀಸ್ತೈತಿ, ಜೋರಿದ್ದಾಗ ತಾಸಿಗೆ 200 ಕಿಲೋಮೀಟರ್ ದಾಟ್ತೈತಿ. ಪೂರ್ವಕ್ಕ ಹೋಗೋ ವಿಮಾನಕ್ಕ ಬೆನ್ನಗಾಳಿ, ಪಶ್ಚಿಮಕ್ಕ ಹೋಗೋದಕ್ಕ ಎದುರುಗಾಳಿ. ಅದಕ್ಕ ಲಂಡನ್ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗೋಕ 11 ತಾಸು ಹಿಡಿದ್ರ ಬರೋಕ ಸುಮಾರು 10. 2016ರ ಅಕ್ಟೋಬರ್‌ನಾಗ ಏರ್ ಇಂಡಿಯಾದೋರು ಡೆಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿಮಾನನ ಅಟ್ಲಾಂಟಿಕ್ ಕಡಿಯಿಂದ ಬಿಡಿಸಿ ಪೆಸಿಫಿಕ್ ಕಡಿಯಿಂದ ಹಾರಿಸಿದ್ರು, ದೂರ 13,900 ಇದ್ದದ್ದು 15,300 ಆತು, ಆದ್ರೂ ಗಾಳಿ ಬೆನ್ನಿಗೆ ಇದ್ದದ್ದಕ್ಕ ಮೊದಲಿಗಿಂತ ಸುಮಾರು ಎರಡು ತಾಸು ಮುಂಚೆನ, ಹದಿನಾಲ್ಕೂವರಿ ತಾಸಿಗೆ ಮುಟ್ತು. 1,400 ಕಿಲೋಮೀಟರ್ ಜಾಸ್ತಿ ಹೋಗಿ ಮೊದ್ಲು ಮುಟ್ಟೋದು! ಹಂಗಾಗಿ ನಾನು ಹೇಳಿದ 850ರ ಲೆಕ್ಕ ಅಂದಾಜಿಗೆ ಅಷ್ಟ, ಅರ್ಧದಿಂದ ಒಂದು ತಾಸು ಆಕಡಿ ಈಕಡಿ ಆಗ್ತೈತಿ, ಕೆಲವು ಸಲ ಇನ್ನೂ ಜಾಸ್ತಿ.

ಇನ್ನ ಭಾವನ ಒಂಬತ್ತೂವರಿ ತಾಸು. ಇದರಾಗ ಎಲ್ಲಾರೂ ಬೀಳ್ತಾರ. ಟಿಕೆಟ್ ಮ್ಯಾಲೆ ಹೊರಡೋ ಟೈಮು ಹೊರಡೋ ಊರಿನ ಗಡಿಯಾರದ್ದು, ಮುಟ್ಟೋ ಟೈಮು ಮುಟ್ಟೋ ಊರಿನ ಗಡಿಯಾರದ್ದು. ಎರಡು ಬ್ಯಾರೆ ಗಡಿಯಾರದ ಟೈಮ್ ಹಿಡಿದು ಕಳೀಬಾರದು, ಇಂಚಿನಾಗಿಂದ ಸೆಂಟಿಮೀಟರ್ ಕಳೆದಂಗ ಆಗ್ತೈತಿ. ನಾನು ಮಾಡೋದು ಇಷ್ಟ, ಎಲ್ಲಾನೂ ಬಳ್ಳಾರಿ ಟೈಮಿಗೆ ತಂದು ಬರಿಯೋದು. ದುಬೈ ನಮಗಿಂತ ಒಂದೂವರಿ ತಾಸು ಹಿಂದ. ಸ್ಯಾನ್ ಫ್ರಾನ್ಸಿಸ್ಕೋ ಬ್ಯಾಸಿಗ್ಯಾಗ ಹನ್ನೆರಡೂವರಿ ತಾಸು ಹಿಂದ, ಚಳಿಗಾಲದಾಗ ಹದಿಮೂರೂವರಿ. ಅಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರನ ಒಂದು ತಾಸು ಮುಂದ ಮಾಡ್ತಾರ, ನವೆಂಬರ್ ಮೊದಲನೇ ಭಾನುವಾರ ಮತ್ತ ಹಿಂದ ಮಾಡ್ತಾರ. ಬ್ಯಾಸಿಗಿ ಲೆಕ್ಕಕ್ಕ ಸುಲಭ ಐತಿ, ಹಗಲು ರಾತ್ರಿ ಅದಲುಬದಲು ಮಾಡಿ ಅರ್ಧ ತಾಸು ಕಳೀರಿ, ಇಲ್ಲಿ ರಾತ್ರಿ 9 ಅಂದ್ರ ಅಲ್ಲಿ ಅದೇ ದಿನ ಮುಂಜಾನೆ 8:30.

ಅಕ್ಕನ ಟಿಕೆಟ್‌ನ ಹಿಂಗ ಬಿಚ್ಚಿದೆ. ಬೆಂಗಳೂರು ಬಿಡೋದು ಬೆಳಗಿನ ಜಾವ 4:15. ನಾಲ್ಕು ತಾಸಿಗೆ ದುಬೈ, ನಮ್ಮ ಟೈಮ್ 8:15, ಅಲ್ಲಿ ಗಡಿಯಾರದಾಗ 6:45. ದುಬೈ ಬಿಡೋದು ಅಲ್ಲಿ ಟೈಮ್ 8:50, ನಮ್ಮ ಟೈಮ್ 10:20. ಅದಕ್ಕ 16 ತಾಸು ಕೂಡಿಸಿದ್ರ ನಮ್ಮಲ್ಲಿ ರಾತ್ರಿ ದಾಟಿ 2:20, ಅಂದ್ರ ಮರುದಿನ. ಅದರಾಗ ಹನ್ನೆರಡೂವರಿ ತಾಸು ಕಳೆದ್ರ ಹಿಂದಿನ ದಿನ ಮಧ್ಯಾಹ್ನ 1:50, ಟಿಕೆಟ್‌ನಾಗ ಇದ್ದದ್ದ ಅದು. 4:15ರಿಂದ ಮರುದಿನ 2:20ರತನಕ 22 ತಾಸು 5 ನಿಮಿಷ. ಅಳಿಯ ಹೇಳಿದ್ದು ಇದು. ಅದರಾಗ ಹಾರೋದು 20 ತಾಸು, ದುಬೈದಾಗ ಕುಂದ್ರೋದು 2 ತಾಸು 5 ನಿಮಿಷ. ಭಾವನಿಗೆ ಕಾಗದದ ಮ್ಯಾಲೆ ತೋರಿಸಿದೆ, ಆಗ್ಲಿ ಬಿಡು, ಅಲ್ಲಿ ಮುಟ್ಟಿದಾಗ ಬಿಸಿಲು ಇರ್ತೈತಿ ಅಲ್ಲ, ನಾ ಅಂದಿದ್ದ ಅದು ಅಂದ.

ಎರಡು ತಾಸು ಕುಂದ್ರೋದು ಅಂದ್ರ ಖರೇ ಹೇಳಬೇಕಂದ್ರ ಓಡೋದು. ಇಳಿದು, ಮತ್ತ ಸೆಕ್ಯುರಿಟಿ, ಗೇಟ್ ದೂರ, ಅದರಾಗ ಅಮೆರಿಕಾ ವಿಮಾನಕ್ಕ ಗೇಟಿನ ಹತ್ರ ಇನ್ನೊಂದು ಸಲ ತಪಾಸಣೆ ಇರಬಹುದು. ವಯಸ್ಸಾದೋರು ಒಬ್ಬರ ಹೊಂಟಿದ್ರ ಮೂರು ತಾಸು ಇರೋ ಟಿಕೆಟ್ ಹುಡುಕ್ರಿ, ಬುಕ್ ಮಾಡೋ ಮುಂದನ ವೀಲ್‌ಚೇರ್ ಬೇಕು ಅಂತ ಬರಸ್ರಿ, ನಡಿಯೋಕ ಬಂದ್ರೂ ಬರಸ್ರಿ, ಕರ್ಕೊಂಡು ಹೋಗಿ ಗೇಟ್‌ತನಕ ಬಿಡ್ತಾರ. ಅಮೆರಿಕಾದಾಗನ ಇನ್ನೊಂದು ವಿಮಾನ ಹತ್ತೋದಿದ್ರ ಇನ್ನೂ ಜಾಸ್ತಿ ಹೊತ್ತು ಬೇಕು, ಯಾಕಂದ್ರ ಆ ದೇಶದಾಗ ಮೊದ್ಲು ಯಾವ ಊರಾಗ ಇಳೀತೀರೋ ಅಲ್ಲೇ ಇಮಿಗ್ರೇಶನ್, ಅಲ್ಲೇ ಪೆಟ್ಟಿಗಿ ತಗೊಂಡು ಮತ್ತ ಕೊಡೋದು. ಅಬುಧಾಬಿ ಮ್ಯಾಲೆ ಹೋದ್ರ ಅಮೆರಿಕಾ ಇಮಿಗ್ರೇಶನ್ ಅಬುಧಾಬಿಯಾಗ ಮುಗಿಸಿಬಿಡ್ತಾರ, ಅಮೆರಿಕಾದಾಗ ಇಳಿದಮ್ಯಾಲೆ ಆ ಸಾಲು ಇಲ್ಲ, ಆದ್ರ ಅಬುಧಾಬಿಯಾಗ ಕುಂದ್ರೋ ಟೈಮ್ ಕಡಿಮಿ ಇಟ್ಕೋಬ್ಯಾಡ್ರಿ.

ಈಗ ನಮ್ಮ ಕಡಿ ತುದಿ. ಇದನ್ನ ಯಾವ ವೆಬ್‌ಸೈಟೂ ಲೆಕ್ಕ ಹಿಡಿಯಂಗಿಲ್ಲ. ಆದ್ರ ನಮ್ಮೋರಿಗೆ ಪ್ರಯಾಣ ಅಂದ್ರ ಬೆಂಗಳೂರಿಂದ ಶುರು ಅಲ್ಲ, ಮನಿ ಬೀಗ ಹಾಕಿದಾಗಿಂದ ಶುರು. ಬಳ್ಳಾರಿಯಿಂದ ಕಾರ್‌ನಾಗ ಹೋಗೋರು ಹಿರಿಯೂರು ತುಮಕೂರು ಮ್ಯಾಲೆ ಹೋಗಿ ಬೆಂಗಳೂರು ಟ್ರಾಫಿಕ್‌ನಾಗ ಸಿಗಾಕೋಬ್ಯಾಡ್ರಿ, ಅನಂತಪುರಕ್ಕ ಹೋಗಿ ಹೈದರಾಬಾದ್ ಹೈವೇ ಹಿಡಿದು ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿದ್ರ ಬೆಂಗಳೂರು ಬರೋದಕ್ಕಿಂತ ಮೊದ್ಲ ದೇವನಹಳ್ಳಿ ಬರ್ತೈತಿ. 300 ಕಿಲೋಮೀಟರ್ ಒಳಗ, ಚಾ ಊಟ ಹಿಡಿದು ಆರು ತಾಸು ಇಟ್ಕೊಳ್ರಿ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಮುಂಜಾನೆ ಬಿಡ್ತೈತಿ, ಮಧ್ಯಾಹ್ನದ ವಿಮಾನಕ್ಕ ಚಲೋ, ಬೆಳಗಿನ ಜಾವದ ವಿಮಾನಕ್ಕ ಹಿಂದಿನ ದಿನದ ರೈಲಿಗೆ ಹೋಗಬೇಕಾಗ್ತೈತಿ. ರಾಯಚೂರಿನೋರು ಬೆಂಗಳೂರು ಅಂತ ಯಾಕ ಹಟ ಹಿಡೀತಾರೋ, ಮಹಬೂಬ್‌ನಗರ ಜಡ್ಚರ್ಲಾ ಮ್ಯಾಲೆ ಶಂಶಾಬಾದ್ ಏರ್‌ಪೋರ್ಟ್ 200 ಕಿಲೋಮೀಟರ್ ಒಳಗ ಐತಿ, ದೇವನಹಳ್ಳಿಗೆ ಹೋಗೋದರ ಅರ್ಧ, ಮತ್ತ ಹೈದರಾಬಾದ್ ಊರೊಳಗ ಹೋಗೋದ ಬ್ಯಾಡ. ಕೊಪ್ಪಳದೋರಿಗೆ ಹುಬ್ಬಳ್ಳಿ ಏರ್‌ಪೋರ್ಟ್ ನೂರು ಚಿಲ್ಲರ ಕಿಲೋಮೀಟರ್, ತೋರಣಗಲ್ಲಿನ ವಿದ್ಯಾನಗರ ಏರ್‌ಪೋರ್ಟ್ ಇನ್ನೂ ಹತ್ರ, ಆದ್ರ ಸಣ್ಣ ಏರ್‌ಪೋರ್ಟ್ ವಿಮಾನ ಯಾವ ದಿನ ಐತಿ ಯಾವ ದಿನ ಇಲ್ಲ ನೋಡ್ಕೊಂಡ ಲೆಕ್ಕಕ್ಕ ಹಿಡೀರಿ. ಇನ್ನೊಂದು, ಅಲ್ಲಿಂದ ಬೆಂಗಳೂರಿಗೆ ಒಂದು ಟಿಕೆಟ್, ಬೆಂಗಳೂರಿಂದ ಮುಂದಕ್ಕ ಬ್ಯಾರೆ ಟಿಕೆಟ್ ಅಂತ ತಗೊಂಡ್ರ ಮೊದಲಿನ ವಿಮಾನ ಲೇಟ್ ಆಗಿ ಎರಡನೇದು ತಪ್ಪಿದ್ರ ಸಾಮಾನ್ಯವಾಗಿ ಯಾರೂ ಜವಾಬ್ದಾರಿ ತಗೊಳ್ಳಂಗಿಲ್ಲ. ಹಂಗ ಮಾಡೋದಿದ್ರ ನಡುವ ಏಳೆಂಟು ತಾಸು ಬಿಡ್ರಿ.

ಬೆಂಗಳೂರಿನಾಗ ಹೊರದೇಶದ ವಿಮಾನ 2023ರ ಸೆಪ್ಟೆಂಬರ್‌ದಿಂದ ಟರ್ಮಿನಲ್ 2ಕ್ಕ ಹೋಗ್ಯಾವ, ಡ್ರೈವರ್‌ಗೆ ಮೊದಲ ಹೇಳ್ರಿ. ಮೂರು ತಾಸು ಮುಂಚೆ ಮುಟ್ಟೋದು.

ಹಿಂಗ ಎಲ್ಲಾ ಕೂಡಿಸಿದ್ರ ಅಕ್ಕನ ಲೆಕ್ಕ ಹೆಂಗಾತು ನೋಡ್ರಿ. ಬಳ್ಳಾರಿ ಮನಿ ಬಿಟ್ಟಿದ್ದು ಸಂಜಿ 6. ದೇವನಹಳ್ಳಿ ಮುಟ್ಟಿದ್ದು ರಾತ್ರಿ 12 ದಾಟಿ. 4:15ಕ್ಕ ವಿಮಾನ. ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿದ್ದು ನಮ್ಮ ಟೈಮ್ ಮರುರಾತ್ರಿ 2:20. ಇಮಿಗ್ರೇಶನ್ ಸಾಲು, ಪೆಟ್ಟಿಗಿ, ಅಲ್ಲಿಂದ ಸ್ಯಾನ್ ಹೋಸೆಗೆ ಕಾರ್, ಮಗಳ ಮನಿ ಹೊಸ್ತಿಲು ದಾಟಿದಾಗ ನಮ್ಮಲ್ಲಿ ಮುಂಜಾನೆ 5. ಒಟ್ಟು 35 ತಾಸು. 22 ಅಲ್ಲ, 17 ಅಲ್ಲ, ಒಂಬತ್ತೂವರಿ ಅಂತೂ ಅಲ್ವೇ ಅಲ್ಲ. ಬುತ್ತಿ, ಮಾತ್ರೆ, ಬಿಪಿ ಗುಳಿಗಿ, ಎಲ್ಲಾ 35ಕ್ಕ ಲೆಕ್ಕ ಹಾಕಿ ಕೈಚೀಲದಾಗ ಇಡ್ರಿ, ದೊಡ್ಡ ಪೆಟ್ಟಿಗ್ಯಾಗ ಅಲ್ಲ. ಅಕ್ಕನಿಗೆ ಗುಳಿಗಿ ಬಳ್ಳಾರಿ ಟೈಮಿಗೆ ನುಂಗು ಅಂತ ಕೈ ಗಡಿಯಾರ ಬದಲಿ ಮಾಡೋಕ ಬಿಡಲಿಲ್ಲ, ಫೋನ್ ತಾನ ಬದಲಿ ಆಗ್ತೈತಿ, ಗಡಿಯಾರ ನಮ್ಮೂರಿಂದ ಇರ್ಲಿ ಅಂದೆ. ಊರಿಗೆ ಮುಟ್ಟಿದಮ್ಯಾಲೆ ಡಾಕ್ಟರ್‌ಗೆ ಕೇಳಿ ಟೈಮ್ ಸರಿಸಿದ್ವಿ.

ಇಷ್ಟೆಲ್ಲಾ ಮಾಡಿದ ನಾವು ಬರೋ ಮುಂದ ಎಡವಿದ್ವಿ. ಅಕ್ಕ ಆರು ತಿಂಗಳಿಗೆ ಎರಡು ವಾರ ಕಡಿಮಿ ಇದ್ದು ವಾಪಸ್ ಹೊಂಟ್ಳು, ಭಾನುವಾರ ಮಧ್ಯಾಹ್ನ 3:45ಕ್ಕ ಹತ್ತೋದು, ದುಬೈದಾಗ ಸೋಮವಾರ ಸಂಜಿ 6:30, ಬೆಂಗಳೂರಿಗೆ ಮಂಗಳವಾರ 2:45. ಟಿಕೆಟ್‌ನಾಗ ಟೈಮಿನ ಪಕ್ಕ ಸಣ್ಣದಾಗಿ ಪ್ಲಸ್ 2 ಅಂತ ಇತ್ತು, ಅಂದ್ರ ಹೊರಟ ದಿನದಿಂದ ಎರಡು ದಿನ ದಾಟಿ ಮುಟ್ಟೋದು, ಅದು ಭಾವನಿಗೂ ಗೊತ್ತಾತು. ಗೊತ್ತಾಗಲಾರದ್ದು ಏನಂದ್ರ ಮಂಗಳವಾರ 2:45 ಅಂದ್ರ ಸೋಮವಾರ ರಾತ್ರಿ ಮಲಗಿದ ಮ್ಯಾಲಿನ 2:45. ಅಂವ ಮಂಗಳವಾರ ಸಂಜಿಗೆ ಕಾರ್ ಹೇಳಿದ್ದ. ನಸುಕಿನ್ಯಾಗ ಅಕ್ಕನ ಫೋನ್, ಎಲ್ಲಿದೀರಿ, ನಾ ಹೊರಗ ಬಂದೀನಿ ಅಂತ. ಭಾವ ಚಾದರದೊಳಗಿಂದನ, ಇವತ್ತಲ್ಲಲ್ಲ ನೀ ಬರೋದು ಅಂದ. ಅಕ್ಕ ಎರಡು ಪೆಟ್ಟಿಗಿ ಮ್ಯಾಲೆ ಕಾಲು ಇಟ್ಕೊಂಡು ಮುಂಜಾನೆ ಹತ್ತರತನಕ ಟರ್ಮಿನಲ್ ಹೊರಗ ಕುಂತ್ಳು, ಆಮ್ಯಾಲೆ ಎರಡು ದಿನ ಭಾವನ ಕೂಡ ಮಾತಿಲ್ಲ.

ಹಂಗಾಗಿ ರಾತ್ರಿ 12ರಿಂದ ಬೆಳಗಿನ 5ರೊಳಗ ಇರೋ ಯಾವ ವಿಮಾನಕ್ಕಾದ್ರೂ ಕ್ಯಾಲೆಂಡರ್‌ನಾಗ ಆ ತಾರೀಕಿಗೆ ಗುರುತು ಮಾಡಬ್ಯಾಡ್ರಿ, ಹಿಂದಿನ ದಿನದ ಚೌಕದಾಗ ಬರೀರಿ, "ಸಂಜಿ 6ಕ್ಕ ಕಾರ್ ಬಿಡೋದು" ಅಂತ. ನಮ್ಮ ಮನಿ ಕ್ಯಾಲೆಂಡರ್‌ನಾಗ ಈಗ ಭಾವನ ಕೈಲೆನ ಬರಸ್ತೀವಿ.